ಲಿಪೊಪ್ರೋಟೀನ್-ಎ ಹೆಚ್ಚಿದೆ, ಹೊಸ ಇಂಜೆಕ್ಷನ್‌ಗೆ ಕಾಯಬೇಕೆ?

ಹೃದಯದ ಆರೋಗ್ಯ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಈ ಸಲದ ಪತ್ರಗಳಲ್ಲಿ ಬಹುಪಾಲು ಹೃದಯದ ಹೊಸ ಔಷಧಗಳ ಬಗ್ಗೆ, ಅವುಗಳ ಮೇಲೆ ನಡೆಯುತ್ತಿರುವ ಟ್ರಯಲ್‌ಗಳ ಬಗ್ಗೆ ಬಂದಿವೆ. ಒಂದೇ ತೆರನ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ. ಇಲ್ಲಿ ಓದಿದ್ದನ್ನು ನೆಚ್ಚಿಕೊಂಡು ಈಗ ನುಂಗುತ್ತಿರುವ ಮಾತ್ರೆಯನ್ನು ನಿಲ್ಲಿಸಬೇಡಿ, ಹೊಸದನ್ನು ಶುರು ಮಾಡಲೂಬೇಡಿ. ಪತ್ರಿಕೆಯನ್ನು ಕೈಯಲ್ಲಿ ಹಿಡಿದು ನಿಮ್ಮ ವೈದ್ಯರ ಬಳಿ ಹೋದರೆ ಸಂತೋಷ.

ಪ್ರಶ್ನೆ: ನನಗೆ 44 ವರ್ಷ. ತಂದೆಯವರಿಗೆ 49ಕ್ಕೇ ಹಾರ್ಟ್ ಅಟ್ಯಾಕ್ ಆಗಿತ್ತು. ನನ್ನ ಬಿಪಿ, ಶುಗರ್ ಸರಿಯಾಗಿವೆ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) 118 ಇದೆ. ಆದರೆ ಲಿಪೊಪ್ರೋಟೀನ್-ಎ 168 ಎಂದು ಬಂದಿದೆ. ಇದನ್ನು ಇಳಿಸುವ ಇಂಜೆಕ್ಷನ್ ಬರಲಿದೆಯಂತೆ. ಅದಕ್ಕೆ ಕಾಯಲೇ, ಅಥವಾ ಪಥ್ಯ ಮಾಡಿದರೆ ಇಳಿಯುತ್ತದೆಯೇ?
ದಾವಣಗೆರೆಯ ಓದುಗರು

ಉತ್ತರ: ಮೊದಲು ರಿಪೋರ್ಟ್ ತೆಗೆದು 168ರ ಪಕ್ಕದಲ್ಲಿರುವ ಯೂನಿಟ್ ನೋಡಿ. ಕೆಲವು ಲ್ಯಾಬ್‌ಗಳು ಇದನ್ನು ಎಂಜಿ/ಡಿಎಲ್ ಲೆಕ್ಕದಲ್ಲಿ ಕೊಡುತ್ತವೆ, ಕೆಲವು ನ್ಯಾನೊಮೋಲ್/ಲೀಟರ್ ಲೆಕ್ಕದಲ್ಲಿ. ಅಪಾಯದ ಗೆರೆ ಮೊದಲನೆಯದರಲ್ಲಿ 50, ಎರಡನೆಯದರಲ್ಲಿ 125. ನಿಮ್ಮದು ನ್ಯಾನೊಮೋಲ್ ಆಗಿದ್ದರೆ ಗೆರೆ ದಾಟಿದೆ. ಎಂಜಿ ಆಗಿದ್ದರೆ ಬಹಳ ದೂರ ದಾಟಿದೆ. ಈ ಕಣದ ಗಾತ್ರ ಒಬ್ಬೊಬ್ಬರಲ್ಲಿ ಒಂದೊಂದು ಥರ ಇರುತ್ತದೆ, ಹಾಗಾಗಿ ಒಂದು ಯೂನಿಟ್ಟನ್ನು ಇನ್ನೊಂದಕ್ಕೆ ಗುಣಿಸಿ ಬದಲಾಯಿಸಲು ಹೋಗಬೇಡಿ. ಅಪೊಲಿಪೊಪ್ರೋಟೀನ್ ಎ-1 ಎಂಬ ಬೇರೆಯದೇ ಒಂದು ಪರೀಕ್ಷೆಯಿದೆ, ಅದು ಒಳ್ಳೆ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್‌ಗೆ ಸೇರಿದ್ದು. ಹೆಸರು ಹತ್ತಿರವಿರುವುದರಿಂದ ಚೀಟಿ ಬರೆಯುವಾಗಲೋ ಬಿಲ್ ಮಾಡುವಾಗಲೋ ಅದಲುಬದಲಾಗುವುದುಂಟು. ಅದನ್ನೂ ಖಾತ್ರಿ ಮಾಡಿಕೊಳ್ಳಿ.

ಲಿಪೊಪ್ರೋಟೀನ್-ಎ ಎಂದರೆ ಎಲ್‌ಡಿಎಲ್‌ನಂಥದೇ ಕಣ, ಅದಕ್ಕೆ ಅಪೊ-ಎ ಎಂಬ ಇನ್ನೊಂದು ಪ್ರೋಟೀನ್ ಅಂಟಿಕೊಂಡಿರುತ್ತದೆ. ನಾರ್ವೆಯ ಕೋರೆ ಬೆರ್ಗ್ 1963ರಲ್ಲಿ ಇದನ್ನು ಗುರುತಿಸಿದರು. ಸುಮಾರು ಐವರಲ್ಲಿ ಒಬ್ಬರಿಗೆ ಇದು ಹೆಚ್ಚಿರುತ್ತದೆ. ಎಷ್ಟಿರಬೇಕೆಂಬುದನ್ನು ಬಹುತೇಕ ತಂದೆತಾಯಿಯಿಂದ ಬಂದ ಜೀನ್‌ಗಳೇ ನಿರ್ಧರಿಸುತ್ತವೆ. ಆದ್ದರಿಂದ ಪಥ್ಯದಿಂದ, ನಡಿಗೆಯಿಂದ ಈ ಸಂಖ್ಯೆ ಹೆಚ್ಚೇನೂ ಕದಲುವುದಿಲ್ಲ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ, ಎಣ್ಣೆ ತಿಂಡಿ ತಿಂದು ತಂದುಕೊಂಡದ್ದಲ್ಲ. ಪರೀಕ್ಷೆಗೆ ಖಾಲಿ ಹೊಟ್ಟೆಯೂ ಬೇಡ, ವರ್ಷ ವರ್ಷ ಮಾಡಿಸುವ ಅಗತ್ಯವೂ ಇಲ್ಲ. ಜೀವನದಲ್ಲಿ ಒಂದು ಸಲ ಸಾಕು. ಥೈರಾಯ್ಡ್ ಕಡಿಮೆಯಿದ್ದರೆ, ಮೂತ್ರದಲ್ಲಿ ಪ್ರೋಟೀನ್ ಹೋಗುವ ಕಿಡ್ನಿ ಕಾಯಿಲೆ ಇದ್ದರೆ, ಅಥವಾ ಜೋರು ಜ್ವರದ ಹೊತ್ತಿನಲ್ಲಿ ರಕ್ತ ಕೊಟ್ಟಿದ್ದರೆ ಮಾತ್ರ ಅದು ಸರಿಹೋದ ಮೇಲೆ ಇನ್ನೊಮ್ಮೆ ನೋಡಬೇಕು. ನಿಮ್ಮ ಒಡಹುಟ್ಟಿದವರಿಗೂ ಮಕ್ಕಳಿಗೂ ಒಮ್ಮೆ ಪರೀಕ್ಷೆ ಮಾಡಿಸಿ.

ಇನ್ನು ಇಂಜೆಕ್ಷನ್. ಮೂರು ಔಷಧಗಳು ಕೊನೆಯ ಹಂತದ ದೊಡ್ಡ ಟ್ರಯಲ್ ತಲುಪಿವೆ. ಮೂರೂ ಲಿವರ್ ಕೋಶಗಳಲ್ಲಿ ಅಪೊ-ಎ ತಯಾರಿಸಲು ಬರುವ ಆರ್‌ಎನ್‌ಎ ಆದೇಶವನ್ನೇ ಅಳಿಸಿಹಾಕುತ್ತವೆ. ನೊವಾರ್ಟಿಸ್‌ನ ಪೆಲಾಕಾರ್ಸೆನ್ ತಿಂಗಳಿಗೊಮ್ಮೆ 80 ಎಂಜಿ, ಚರ್ಮದಡಿಗೆ. ಅದರ ಹೊರೈಜನ್ ಟ್ರಯಲ್‌ನಲ್ಲಿ 8,323 ಜನರಿದ್ದಾರೆ. ಆಮ್‌ಜೆನ್‌ನ ಓಲ್ಪಾಸಿರಾನ್ 12 ವಾರಕ್ಕೊಂದು ಚುಚ್ಚು, ಅದರಲ್ಲಿ 7,000ಕ್ಕೂ ಹೆಚ್ಚು ಜನ. ಲಿಲ್ಲಿ ಕಂಪನಿಯ ಲೆಪೊಡಿಸಿರಾನ್ ಟ್ರಯಲ್ ಇವೆರಡಕ್ಕಿಂತ ದೊಡ್ಡದು. ಅದೇ ಕಂಪನಿಯ ಮುವಲಾಪ್ಲಿನ್ ಎಂಬ ದಿನದ ಮಾತ್ರೆಯೂ ಇವುಗಳ ಹಿಂದೆಯೇ ಬರುತ್ತಿದೆ. ಎರಡನೇ ಹಂತದ ಅಧ್ಯಯನದಲ್ಲಿ ಓಲ್ಪಾಸಿರಾನ್ 75 ಎಂಜಿ ಡೋಸ್ ಲಿಪೊಪ್ರೋಟೀನ್-ಎ ಮಟ್ಟವನ್ನು ಶೇ. 95ಕ್ಕೂ ಹೆಚ್ಚು ಇಳಿಸಿತು. ಆದರೆ ಮೊದಲ ಎರಡು ಟ್ರಯಲ್‌ಗಳಿಗೆ ಈಗಾಗಲೇ ಹೃದಯ ಅಥವಾ ರಕ್ತನಾಳದ ಕಾಯಿಲೆ ಬಂದವರನ್ನೇ ತೆಗೆದುಕೊಂಡಿದ್ದಾರೆ. ಮೂರನೆಯದಕ್ಕೆ ಕನಿಷ್ಠ 175 ನ್ಯಾನೊಮೋಲ್ ಇರಬೇಕು. ಇನ್ನೂ ಏನೂ ಆಗದ, 168 ನ್ಯಾನೊಮೋಲ್ ಇರುವವರಿಗೆ ಈ ಮೂರರ ಉತ್ತರವೂ ನೇರವಾಗಿ ಅನ್ವಯಿಸುವುದಿಲ್ಲ. ಹೊರೈಜನ್ ಫಲಿತಾಂಶವನ್ನು 2025ಕ್ಕೆ ನಿರೀಕ್ಷಿಸಲಾಗಿತ್ತು, ಅದು 2026ಕ್ಕೆ ಮುಂದೆ ಹೋಯಿತು. ಔಷಧ ಮಾರುಕಟ್ಟೆಗೆ ಬರಲು ಅದರ ಮೇಲೂ ಸಮಯ ಬೇಕು.

ಹಾಗಾಗಿ ಕಾಯುತ್ತಾ ಕೂರಬೇಡಿ. ಲಿಪೊಪ್ರೋಟೀನ್-ಎ ಕೈಗೆ ಸಿಗದಿದ್ದರೂ ಅದರ ಜೊತೆಗಾರ ಎಲ್‌ಡಿಎಲ್ ಕೈಯಲ್ಲಿದೆ. ನಿಮ್ಮ ವಂಶದ ಇತಿಹಾಸಕ್ಕೆ 118 ಹೆಚ್ಚಾಯಿತು. ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆಯಿಂದ ಅದನ್ನು 70ರ ಕೆಳಗೆ ತರುವ ಬಗ್ಗೆ ವೈದ್ಯರ ಜೊತೆ ಮಾತಾಡಿ. ಶುರು ಮಾಡಿದ 4ರಿಂದ 12 ವಾರಗಳೊಳಗೆ ಮತ್ತೆ ರಕ್ತ ಪರೀಕ್ಷೆ ಆಗಬೇಕು. ಬಿಪಿ 130/80ರೊಳಗೆ ಇರಲಿ. ಬೀಡಿ, ಸಿಗರೇಟು, ಗುಟ್ಕಾ ಯಾವುದಿದ್ದರೂ ಇವತ್ತೇ ಬಿಡಿ. ಸ್ಟಾಟಿನ್ ತೆಗೆದುಕೊಂಡಾಗ ಲಿಪೊಪ್ರೋಟೀನ್-ಎ ಒಂದಿಷ್ಟು ಏರಿದಂತೆ ಕಾಣಬಹುದು. ಅದನ್ನು ಕಂಡು ಹೆದರಿ ಮಾತ್ರೆ ಬಿಡುವವರಿದ್ದಾರೆ, ಇದು ದೊಡ್ಡ ತಪ್ಪು. ಎಲ್‌ಡಿಎಲ್ ಇಳಿದದ್ದರಿಂದ ಸಿಗುವ ರಕ್ಷಣೆ ಆ ಏರಿಕೆಗಿಂತ ಎಷ್ಟೋ ಪಾಲು ಹೆಚ್ಚು.

ಪ್ರಶ್ನೆ: ಔಷಧ ಶೇ. 90ರ ಮೇಲೆ ಇಳಿಸುತ್ತದೆ ಎಂದು ಗೊತ್ತಾದ ಮೇಲೂ ಸಾವಿರಾರು ಜನರನ್ನು ವರ್ಷಗಟ್ಟಲೆ ನೋಡುತ್ತಾ ಕೂರುವುದು ಯಾಕೆ? ಅಷ್ಟರಲ್ಲಿ ಎಷ್ಟು ಜನ ಸಾಯುತ್ತಾರೋ!
ಧಾರವಾಡದ ಓದುಗರು

ಉತ್ತರ: ನಿಮ್ಮ ಕಳವಳ ಅರ್ಥವಾಗುತ್ತದೆ. ಆದರೆ ರಿಪೋರ್ಟಿನ ಸಂಖ್ಯೆ ಇಳಿದ ಮಾತ್ರಕ್ಕೆ ಜೀವ ಉಳಿಯುತ್ತದೆಂಬ ಭರವಸೆಯಿಲ್ಲ. ಹೃದಯ ವೈದ್ಯಶಾಸ್ತ್ರ ಈ ಪಾಠಕ್ಕೆ ತುಂಬಾ ದುಬಾರಿ ಬೆಲೆ ಕೊಟ್ಟಿದೆ.

ಹೃದಯಾಘಾತದ ಬಳಿಕ ಕೆಲವರಿಗೆ ನಡುನಡುವೆ ತಪ್ಪು ಬಡಿತಗಳು ಬರುತ್ತವೆ. ಅವನ್ನು ಅಡಗಿಸಿದರೆ ಹಠಾತ್ ಸಾವು ತಪ್ಪುತ್ತದೆಂದು ನಂಬಿ ವರ್ಷಗಳ ಕಾಲ ಎನ್‌ಕೈನೈಡ್, ಫ್ಲೆಕೈನೈಡ್ ಮಾತ್ರೆ ಕೊಟ್ಟರು. ಇಸಿಜಿಯಲ್ಲಿ ಬಡಿತಗಳು ಅಡಗಿದವು. ಅಮೆರಿಕದ ಕಾಸ್ಟ್ ಎಂಬ ಟ್ರಯಲ್ ಪ್ಲಸೀಬೊ (ಔಷಧವಿಲ್ಲದ ಹುಸಿ ಮಾತ್ರೆ) ಜೊತೆ ಹೋಲಿಸಿ ನೋಡಿದಾಗ, ಮಾತ್ರೆ ತಿಂದವರಲ್ಲೇ ಸಾವು ಎರಡು ಪಟ್ಟಿಗೂ ಹೆಚ್ಚಿತ್ತು. 1989ರಲ್ಲಿ ಅದನ್ನು ನಡುವೆಯೇ ನಿಲ್ಲಿಸಿದರು. ಆಮೇಲೆ ಟಾರ್ಸೆಟ್ರಾಪಿಬ್. ಒಳ್ಳೆ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ ಅನ್ನು ಅದು ಶೇ. 72 ಏರಿಸಿತು, ಎಲ್‌ಡಿಎಲ್ ಅನ್ನು ಸುಮಾರು ಶೇ. 25 ಇಳಿಸಿತು. ಲ್ಯಾಬ್ ರಿಪೋರ್ಟಿಗೆ ಇದಕ್ಕಿಂತ ಚೆಂದ ಬೇಕೆ? 15,067 ಜನರ ಟ್ರಯಲ್‌ನಲ್ಲಿ ಔಷಧ ಪಡೆದವರಲ್ಲಿ 93, ಪಡೆಯದವರಲ್ಲಿ 59 ಜನ ತೀರಿಕೊಂಡರು; 2006ರ ಡಿಸೆಂಬರ್‌ನಲ್ಲಿ ನಿಲ್ಲಿಸಿದರು. ಆ ಔಷಧ ಬಿಪಿಯನ್ನೂ ಆಲ್ಡೊಸ್ಟೆರೋನ್ ಹಾರ್ಮೋನನ್ನೂ ಏರಿಸುತ್ತಿತ್ತು. ನಯಾಸಿನ್ ಎಂಬ ಬಿ-3 ವಿಟಮಿನ್ ಕೂಡ ಹಾಗೆಯೇ: ಲಿಪೊಪ್ರೋಟೀನ್-ಎ ಇಳಿಸುತ್ತದೆ, ಆದರೆ 25,673 ಜನರಲ್ಲಿ ನೋಡಿದಾಗ ಹೃದಯಕ್ಕೆ ಲಾಭ ಕಾಣಲಿಲ್ಲ, ಸೋಂಕು, ರಕ್ತಸ್ರಾವ, ಶುಗರ್ ತೊಂದರೆಗಳು ಹೆಚ್ಚಿದವು. ಈಗಲೂ ಅದನ್ನು ಲಿಪೊಪ್ರೋಟೀನ್-ಎ ಇಳಿಸಲೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಅದಕ್ಕೇ ದೊಡ್ಡ ಟ್ರಯಲ್‌ಗಳು ಲೆಕ್ಕ ಹಿಡಿಯುವುದು ಘಟನೆಗಳನ್ನು: ಹೃದಯಾಘಾತ, ಲಕ್ವ, ಹೃದಯದ ಕಾರಣದ ಸಾವು. ಮೊದಲೇ ನಿಗದಿಪಡಿಸಿದಷ್ಟು ಘಟನೆಗಳು ಸೇರುವವರೆಗೆ ಟ್ರಯಲ್ ಮುಗಿಯುವುದಿಲ್ಲ. ಹೊರೈಜನ್ ತಡವಾದದ್ದೂ ಘಟನೆಗಳು ಎಣಿಸಿದ್ದಕ್ಕಿಂತ ನಿಧಾನವಾಗಿ ಸೇರಿದ್ದರಿಂದಲೇ. ಈ ನಡುವೆ ಸ್ವತಂತ್ರ ತಜ್ಞರ ಸಮಿತಿಯೊಂದು ಅಂಕಿಅಂಶಗಳನ್ನು ಆಗಾಗ ತೆರೆದು ನೋಡುತ್ತದೆ. ಹಾನಿ ಕಂಡರೆ ಟ್ರಯಲ್ ನಿಲ್ಲಿಸಲು ಶಿಫಾರಸು ಮಾಡುವುದು ಆ ಸಮಿತಿಯೇ.

ಫಲಿತಾಂಶದ ಸುದ್ದಿ ಬಂದಾಗ ಓದುವ ಬಗೆಯನ್ನೂ ತಿಳಿದಿರಿ. ತೂಕ ಇಳಿಸುವ ಸೆಮಾಗ್ಲುಟೈಡ್ ಇಂಜೆಕ್ಷನ್ ಮೇಲೆ 17,604 ಜನರ ಸೆಲೆಕ್ಟ್ ಟ್ರಯಲ್ 2023ರಲ್ಲಿ ಹೊರಬಂದಾಗ ‘ಅಪಾಯ ಶೇ. 20 ಇಳಿಕೆ’ ಎಂದು ಎಲ್ಲ ಕಡೆ ಬಂತು. ಸುಳ್ಳಲ್ಲ. ಆದರೆ ಒಳಗೆ ನೋಡಿದರೆ, ಸುಮಾರು 40 ತಿಂಗಳಲ್ಲಿ ಪ್ಲಸೀಬೊ ಗುಂಪಿನ 100ರಲ್ಲಿ 8 ಜನರಿಗೆ, ಔಷಧ ಗುಂಪಿನ 100ರಲ್ಲಿ 6.5 ಜನರಿಗೆ ಘಟನೆ ಆಗಿತ್ತು. ಅಂದರೆ ಒಬ್ಬರಿಗೆ ತಪ್ಪಿಸಲು ಸುಮಾರು 67 ಜನರಿಗೆ ಅಷ್ಟೂ ಕಾಲ ಕೊಡಬೇಕು. ಈ ಎರಡನೇ ಲೆಕ್ಕವನ್ನು ಕೇಳಿ ಪಡೆಯಿರಿ.

ಪ್ರಶ್ನೆ: ಅಪ್ಪನಿಗೆ 62 ವರ್ಷ, ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿಸಿದ್ದೇವೆ. ಮೊನ್ನೆ ಫಾಲೋಅಪ್‌ಗೆ ಹೋದಾಗ ಕೊಲೆಸ್ಟರಾಲ್‌ನ ಹೊಸ ಔಷಧದ ಟ್ರಯಲ್‌ಗೆ ಸೇರಿ ಎಂದು ದಪ್ಪ ಫಾರ್ಮ್ ಕೊಟ್ಟಿದ್ದಾರೆ. ಎಲ್ಲ ಉಚಿತವಂತೆ. ಅಮ್ಮ ‘ನಿಮ್ಮ ಮೇಲೆ ಪ್ರಯೋಗ ಮಾಡ್ತಾರೆ, ಬೇಡ’ ಅಂತ ಅಳುತ್ತಿದ್ದಾರೆ. ಏನು ಮಾಡಲಿ?
ಪುತ್ತೂರಿನ ಓದುಗರು

ಉತ್ತರ: ಪ್ರಯೋಗವೆಂಬುದು ನಿಜ. ಅಮ್ಮನ ಹತ್ತಿರ ಅದನ್ನು ಮುಚ್ಚಿಡಬೇಡಿ. ಆದರೆ ಅಪ್ಪನನ್ನು ಕೇಳದೆ, ಕಾನೂನಿನ ಹೊರಗೆ ನಡೆಯುವ ಪ್ರಯೋಗವಲ್ಲ. 2019ರ ಮಾರ್ಚ್‌ನಲ್ಲಿ ಬಂದ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಸೇರಿದವರಿಗೆ ಸಾಕಷ್ಟು ರಕ್ಷಣೆ ಕೊಟ್ಟಿವೆ. ಅದನ್ನು ಬಳಸಿಕೊಳ್ಳಲು ಗೊತ್ತಿರಬೇಕು, ಅಷ್ಟೇ.

ಅಲ್ಲೇ ಸಹಿ ಹಾಕಬೇಡಿ. ಫಾರ್ಮನ್ನು ಮನೆಗೆ ತನ್ನಿ. ಕನ್ನಡದಲ್ಲಿ ಇರದಿದ್ದರೆ ಕನ್ನಡದ ಪ್ರತಿ ಕೇಳಿ. ಓದಿ ತಿಳಿಯುವ ಭಾಷೆಯಲ್ಲಿ ಕೊಡುವುದು ಅವರ ಹೊಣೆ. ಫಾರ್ಮಿನಲ್ಲಿ ಸಿಟಿಆರ್‌ಐ ಎಂದು ಶುರುವಾಗಿ ವರ್ಷ, ತಿಂಗಳು, ಆರು ಅಂಕಿಗಳಿರುವ ನೋಂದಣಿ ಸಂಖ್ಯೆಯನ್ನು ಹುಡುಕಿ, ಕಾಣದಿದ್ದರೆ ಕೇಳಿ. ಇದು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ನಡೆಸುವ ಭಾರತದ ಟ್ರಯಲ್ ನೋಂದಣಿ ಪಟ್ಟಿ. 2007ರಲ್ಲಿ ಶುರುವಾಯಿತು, 2018ರ ಏಪ್ರಿಲ್‌ನಿಂದ ಮೊದಲ ರೋಗಿಯನ್ನು ಸೇರಿಸುವ ಮುಂಚೆಯೇ ನೋಂದಾಯಿಸಬೇಕು. ಪಟ್ಟಿಯನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ಬಿಟ್ಟಿಯಾಗಿ ನೋಡಬಹುದು. ನಿಮ್ಮ ಆಸ್ಪತ್ರೆಯ ಹೆಸರು ಕೇಂದ್ರಗಳ ಪಟ್ಟಿಯಲ್ಲಿದೆಯೇ, ಸೇರಿದವರ ಹಿತ ಕಾಯುವ ಆ ಕೇಂದ್ರದ ನೈತಿಕ ಸಮಿತಿ ಒಪ್ಪಿಗೆ ಕೊಟ್ಟಿದೆಯೇ, ಯಾವ ಹಂತದ ಟ್ರಯಲ್, ಮುಖ್ಯವಾಗಿ ಏನನ್ನು ಅಳೆಯುತ್ತಾರೆ, ಯಾರನ್ನು ಸೇರಿಸುವುದಿಲ್ಲ ಎಂಬುದೆಲ್ಲ ಅಲ್ಲಿದೆ. ಅಪ್ಪನ ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ), ಲಿವರ್ ರಿಪೋರ್ಟ್ ಎದುರಿಗಿಟ್ಟುಕೊಂಡು ಆ ಕೊನೆಯ ಪಟ್ಟಿಯನ್ನು ಓದಿ.

ಪ್ಲಸೀಬೊ ಎಂದ ಕೂಡಲೇ ‘ಚಿಕಿತ್ಸೆಯಿಲ್ಲದೆ ಬಿಡುತ್ತಾರೆ’ ಎಂದುಕೊಳ್ಳುವುದು ಸಾಮಾನ್ಯ. ಸ್ಟೆಂಟ್ ಆದವರ ಇಂಥ ಟ್ರಯಲ್‌ಗಳಲ್ಲಿ ಎರಡೂ ಗುಂಪಿನವರಿಗೆ ಸ್ಟಾಟಿನ್, ಆಸ್ಪಿರಿನ್, ಬಿಪಿ ಮಾತ್ರೆ ಎಲ್ಲ ಮುಂದುವರಿಯುತ್ತವೆ. ಅದರ ಮೇಲೆ ಒಂದು ಗುಂಪಿಗೆ ಹೊಸ ಔಷಧ, ಇನ್ನೊಂದಕ್ಕೆ ಔಷಧವಿಲ್ಲದ ಅದೇ ಥರದ ಚುಚ್ಚು ಅಥವಾ ಮಾತ್ರೆ. ಯಾರಿಗೆ ಯಾವುದು ಎಂದು ಕಂಪ್ಯೂಟರ್ ಚೀಟಿ ಎತ್ತುತ್ತದೆ, ವೈದ್ಯರಿಗೂ ತಿಳಿದಿರುವುದಿಲ್ಲ. ಈಗಿರುವ ಸ್ಟಾಟಿನ್ ನಿಲ್ಲಿಸಿ ಎಂದರೆ ಮಾತ್ರ ಕಾರಣ ಕೇಳದೆ ಮುಂದೆ ಹೋಗಬೇಡಿ.

ಕೇಳಲೇಬೇಕಾದ ಮಾತುಗಳು: ಒಟ್ಟು ಎಷ್ಟು ವರ್ಷ, ಎಷ್ಟು ಸಲ ಬರಬೇಕು, ಬಸ್ಸಿನ ಖರ್ಚು ಮತ್ತು ಅವತ್ತಿನ ಕೂಲಿ ಯಾರು ಕೊಡುತ್ತಾರೆ, ರಾತ್ರಿ ಎದೆನೋವು ಬಂದರೆ ಯಾವ ನಂಬರಿಗೆ ಫೋನ್ ಮಾಡಬೇಕು, ಟ್ರಯಲ್ ಮುಗಿದ ಮೇಲೆ ಔಷಧ ಫಲಕಾರಿ ಎಂದಾದರೆ ಅದು ಸಿಗುತ್ತದೆಯೇ. ಟ್ರಯಲ್‌ನಿಂದ ತೊಂದರೆಯಾದರೆ ಚಿಕಿತ್ಸೆ ಪೂರ್ತಿ ಉಚಿತವಾಗಿ ಆಗಬೇಕು. ಸಾವು ಅಥವಾ ಶಾಶ್ವತ ಊನಕ್ಕೆ ಟ್ರಯಲ್ ಕಾರಣ ಎಂದು ತೀರ್ಮಾನವಾದರೆ ಪರಿಹಾರವೂ ಇದೆ. ಅದರ ಸೂತ್ರದ ಮೂಲ ಮೊತ್ತ 8 ಲಕ್ಷ ರೂಪಾಯಿ, ವಯಸ್ಸು ಮತ್ತು ಕಾಯಿಲೆಯ ತೀವ್ರತೆ ನೋಡಿ ಹೆಚ್ಚು ಕಡಿಮೆಯಾಗುತ್ತದೆ. ಗಂಭೀರ ತೊಂದರೆಯನ್ನು 24 ಗಂಟೆಯೊಳಗೆ ವೈದ್ಯರು ವರದಿ ಮಾಡಬೇಕು. ಅವರು ಸ್ಪಂದಿಸದಿದ್ದರೆ ಫಾರ್ಮಿನಲ್ಲಿರುವ ನೈತಿಕ ಸಮಿತಿಯ ಫೋನ್ ನಂಬರಿಗೆ ನೀವೇ ಮಾಡಿ. ಆ ಸಮಿತಿಯಲ್ಲಿ ಕನಿಷ್ಠ ಏಳು ಜನರಿರುತ್ತಾರೆ, ಅರ್ಧದಷ್ಟಾದರೂ ಆಸ್ಪತ್ರೆಯ ಹೊರಗಿನವರು. ಸಹಿಯಾದ ಫಾರ್ಮಿನ ಒಂದು ಪ್ರತಿ ನಿಮ್ಮ ಮನೆಯಲ್ಲಿರಬೇಕು. ಯಾವಾಗ ಬೇಕಾದರೂ ಹೊರಬರಬಹುದು, ಅದಕ್ಕಾಗಿ ಅಲ್ಲಿನ ಮಾಮೂಲಿ ಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲ. ಸೇರಲು ದುಡ್ಡು ಕೇಳಿದರೆ ಎದ್ದು ಬನ್ನಿ.

ಸೇರಿದ ಮೇಲೆ ಕೆಡುವುದು ಹೆಚ್ಚಾಗಿ ಚಿಕ್ಕ ವಿಷಯಗಳಿಂದ. ಕುತೂಹಲಕ್ಕೆ ಹೊರಗಿನ ಲ್ಯಾಬ್‌ನಲ್ಲಿ ಕೊಲೆಸ್ಟರಾಲ್ ನೋಡಿಸಿಬಿಟ್ಟರೆ ತನಗೆ ಯಾವ ಔಷಧ ಬಂದಿದೆಯೆಂದು ಊಹೆಯಾಗಿಬಿಡುತ್ತದೆ, ಅಲ್ಲಿಗೆ ಗುಟ್ಟು ಒಡೆಯಿತು. ನಾಟಿ ಔಷಧ, ಕಷಾಯ, ಮಂಡಿನೋವಿನ ಮಾತ್ರೆ ತೆಗೆದುಕೊಂಡದ್ದನ್ನು ಹೇಳದಿದ್ದರೆ ಲಿವರ್ ರಿಪೋರ್ಟ್ ಏರಿದಾಗ ಕಾರಣ ತಿಳಿಯುವುದಿಲ್ಲ. ಔಷಧ ಬೇಡವೆನಿಸಿದರೆ ಹೇಳಿ ನಿಲ್ಲಿಸಿ, ಆದರೆ ಫೋನ್ ಎತ್ತದೆ ಮರೆಯಾಗಬೇಡಿ. ಕಣ್ಮರೆಯಾದವರು ಹೆಚ್ಚಾದಷ್ಟೂ ಫಲಿತಾಂಶ ಸೊರಗುತ್ತದೆ.

ಪ್ರಶ್ನೆ: ಕಳೆದ ವರ್ಷ ನಮ್ಮ ಜಿಲ್ಲೆಯಲ್ಲಿ ಚಿಕ್ಕ ವಯಸ್ಸಿನವರ ಹಠಾತ್ ಹೃದಯಾಘಾತದ ಸಾವುಗಳ ಸುದ್ದಿ ಕೇಳಿದಾಗಿನಿಂದ ನಿದ್ದೆಯಿಲ್ಲ. ಮಗನಿಗೆ 27, ಜಿಮ್‌ಗೆ ಹೋಗುತ್ತಾನೆ. ಕೋವಿಡ್ ಲಸಿಕೆಯೇ ಕಾರಣ ಎನ್ನುತ್ತಾರೆ. ಅವನಿಗೆ ಯಾವ ಟೆಸ್ಟ್ ಮಾಡಿಸಲಿ?
ಹಾಸನದ ಓದುಗರು

ಉತ್ತರ: 2025ರ ಮಧ್ಯಭಾಗದ ಆ ಸುದ್ದಿಗಳ ನಂತರ ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತ್ತು. ಚಿಕ್ಕ ವಯಸ್ಸಿನ ಹೃದಯ ಕಾಯಿಲೆಗೂ ಲಸಿಕೆಗೂ ನಂಟು ಅದಕ್ಕೆ ಕಾಣಲಿಲ್ಲ. ಅದಕ್ಕೂ ಮೊದಲೇ ಐಸಿಎಂಆರ್ 47 ಆಸ್ಪತ್ರೆಗಳಲ್ಲಿ, 18ರಿಂದ 45 ವರ್ಷದ, ಮೇಲ್ನೋಟಕ್ಕೆ ಆರೋಗ್ಯವಾಗಿದ್ದು ಹಠಾತ್ತಾಗಿ ತೀರಿಕೊಂಡ 729 ಜನರನ್ನು 2,916 ಜೀವಂತರೊಂದಿಗೆ ಹೋಲಿಸಿ ನೋಡಿತ್ತು. ಎರಡು ಡೋಸ್ ಲಸಿಕೆ ಪಡೆದವರಲ್ಲಿ ಅಪಾಯ ಕಡಿಮೆಯೇ ಇತ್ತು. ಹೆಚ್ಚಿದ್ದದ್ದು ಕುಟುಂಬದಲ್ಲಿ ಹಠಾತ್ ಸಾವು ಕಂಡವರಲ್ಲಿ, ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದವರಲ್ಲಿ, ಸಾಯುವ ಮುಂಚಿನ 48 ಗಂಟೆಯಲ್ಲಿ ಮಿತಿಮೀರಿ ಕುಡಿದವರಲ್ಲಿ, ಮಾದಕ ವಸ್ತು ಬಳಸಿದವರಲ್ಲಿ, ವಿಪರೀತ ಶ್ರಮದ ವ್ಯಾಯಾಮ ಮಾಡಿದವರಲ್ಲಿ. ದೆಹಲಿಯ ಏಮ್ಸ್ ಮರಣೋತ್ತರ ಪರೀಕ್ಷೆ ಮಾಡಿ ನಡೆಸುತ್ತಿದ್ದ ಅಧ್ಯಯನದ ಆರಂಭಿಕ ವಿಶ್ಲೇಷಣೆಯಲ್ಲೂ ಹೃದಯಾಘಾತವೇ ಮುಖ್ಯ ಕಾರಣವಾಗಿತ್ತು. ಕಾರಣ ಸಿಗದ ಕೆಲವು ಸಾವುಗಳ ಹಿಂದೆ ಜೀನ್ ದೋಷ ಇರಬಹುದೆಂದು ಅದು ಹೇಳಿತು.

ಮಗ ಜಿಮ್ ಬಿಡಬೇಕಿಲ್ಲ. ಜ್ವರವಿದ್ದಾಗ, ಕುಡಿದ ಮರುದಿನ, ತಿಂಗಳುಗಟ್ಟಲೆ ಬಿಟ್ಟು ಮತ್ತೆ ಹೋದ ಮೊದಲ ದಿನ ಪೂರ್ತಿ ಭಾರ ಎತ್ತಬಾರದು. ಹೊರಗೆ ಮಾರುವ ದೊಡ್ಡ ಪ್ಯಾಕೇಜ್ ಬೇಡ. ಬಿಪಿ, ಸಕ್ಕರೆ, ಲಿಪಿಡ್, ಒಂದು ಸಲ ಲಿಪೊಪ್ರೋಟೀನ್-ಎ ಸಾಕು. ಓಡುವಾಗ ತಲೆಸುತ್ತಿ ಬಿದ್ದಿದ್ದರೆ, ಅಥವಾ ಕುಟುಂಬದಲ್ಲಿ 50ರೊಳಗೆ ಯಾರಾದರೂ ಹಠಾತ್ತಾಗಿ ಹೋಗಿದ್ದರೆ ಇಸಿಜಿ ಮತ್ತು ಎಕೊ ಮಾಡಿಸಲೇಬೇಕು. ಎದೆ ಹಿಂಡಿದಂತಾದರೆ ಗ್ಯಾಸ್ ಎಂದು ಸೋಡಾ ಕುಡಿಯುತ್ತಾ ಕೂರದೆ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಓಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಅಲ್ಲಿನ ಇಸಿಜಿ ಜಯದೇವದಂಥ ದೊಡ್ಡ ಆಸ್ಪತ್ರೆಗೆ ಹೋಗುತ್ತದೆ. ಹೃದಯಾಘಾತವೆಂದಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಸಿಗುತ್ತದೆ.

ಪ್ರಶ್ನೆ: ಅತ್ತೆಯವರಿಗೆ ಹಾರ್ಟ್ ಅಟ್ಯಾಕ್ ಆದ ಮೇಲೆ ದಿನಕ್ಕೆ ಐದು ಮಾತ್ರೆ. ಒಂದು ನುಂಗಿದರೆ ಎರಡು ಮರೆಯುತ್ತಾರೆ. ಎಲ್ಲ ಸೇರಿಸಿ ಒಂದೇ ಮಾತ್ರೆ ಮಾಡಲು ಆಗುವುದಿಲ್ಲವೇ?
ಬೀದರ್‌ನ ಓದುಗರು

ಉತ್ತರ: ಮಾಡಿದ್ದಾರೆ, ಅದರ ಬಹಳಷ್ಟು ಕೆಲಸ ನಮ್ಮ ಬೆಂಗಳೂರಿನಲ್ಲೇ ಆಗಿದೆ. ಹೆಸರು ಪಾಲಿಪಿಲ್. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತಂಡ ಕೆನಡಾದ ಹ್ಯಾಮಿಲ್ಟನ್‌ನವರ ಜೊತೆ ಸೇರಿ ಭಾರತದ 50 ಕೇಂದ್ರಗಳ 2,053 ಜನರಲ್ಲಿ ನಡೆಸಿದ ಟಿಪ್ಸ್ ಅಧ್ಯಯನ 2009ರಲ್ಲಿ ಪ್ರಕಟವಾಯಿತು. 2020ರ ಟಿಪ್ಸ್-3ರಲ್ಲಿ, ಅದುವರೆಗೆ ಹೃದಯ ಕಾಯಿಲೆ ಬರದ 5,713 ಜನರಿಗೆ ಕೊಟ್ಟು ನೋಡಿದಾಗ ಪಾಲಿಪಿಲ್ ಜೊತೆ ಆಸ್ಪಿರಿನ್ ಪಡೆದವರಲ್ಲಿ ಘಟನೆಗಳು 100ಕ್ಕೆ 5.8ರಿಂದ 4.1ಕ್ಕೆ ಇಳಿದವು. ಹೃದಯಾಘಾತ ಆದವರ ಮೇಲಿನ ಯುರೋಪಿನ ಸೆಕ್ಯೂರ್ ಟ್ರಯಲ್ 2022ರಲ್ಲಿ ಬಂತು, ಅದರಲ್ಲೂ ಲಾಭ ಸ್ಪಷ್ಟ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪಾಲಿಪಿಲ್ ಅನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ತೊಡಕು ಎಂದರೆ ಡೋಸ್ ಬೇಕಾದಂತೆ ಹೊಂದಿಸಲು ಬರುವುದಿಲ್ಲ. ಅದರಲ್ಲಿರುವ ಬಿಪಿ ಔಷಧ ರಾಮಿಪ್ರಿಲ್‌ನಿಂದ ಒಣಕೆಮ್ಮು ಬಂದರೆ ಇಡೀ ಮಾತ್ರೆಯನ್ನೇ ಬದಲಿಸಬೇಕು. ಅತ್ತೆಯವರಿಗೆ ಆಸ್ತಮಾ ಇದ್ದರೆ ಅಟೆನೊಲಾಲ್ ಇರುವುದು ಆಗಿಬರುವುದಿಲ್ಲ. ವೈದ್ಯರನ್ನು ‘ಆಸ್ಪಿರಿನ್, ಸ್ಟಾಟಿನ್, ರಾಮಿಪ್ರಿಲ್ ಒಟ್ಟಿಗಿರುವುದು ಇವರಿಗೆ ಆಗುತ್ತದೆಯೇ’ ಎಂದೇ ಕೇಳಿ. ಅಲ್ಲಿಯವರೆಗೆ ಏಳು ಮನೆಗಳ ಮಾತ್ರೆ ಡಬ್ಬಿ ತಂದು ಭಾನುವಾರ ನೀವೇ ತುಂಬಿಡಿ.

ಪ್ರಶ್ನೆ: ಯೂರಿಕ್ ಆಸಿಡ್ ನೋವಿಗೆ ಕೊಡುವ ಕಾಲ್ಚಿಸಿನ್ ಹೃದಯಕ್ಕೂ ಒಳ್ಳೆಯದಂತೆ. ನಿಜವೇ?
ವಿಜಯಪುರದ ಓದುಗರು

ಉತ್ತರ: ಉರಿಯೂತವೂ ಹೃದಯಾಘಾತಕ್ಕೆ ದಾರಿ ಮಾಡುತ್ತದೆ, ಅದಕ್ಕೆ ಈ ಯೋಚನೆ. ದಿನಕ್ಕೆ 0.5 ಎಂಜಿ ಕೊಟ್ಟ ಎರಡು ಟ್ರಯಲ್‌ಗಳು, 2019ರ ಕಾಲ್‌ಕಾಟ್ ಮತ್ತು 2020ರ ಲೊಡೊಕೊ-2, ಲಾಭ ತೋರಿಸಿದವು. 2024ರಲ್ಲಿ ಹೃದಯಾಘಾತ ಆದ ಕೂಡಲೇ 7,062 ಜನರಿಗೆ ಕೊಟ್ಟು ನೋಡಿದ ಕ್ಲಿಯರ್ ಸಿನರ್ಜಿಯಲ್ಲಿ ಏನೂ ಲಾಭ ಸಿಗಲಿಲ್ಲ. ಹಾಗಾಗಿ ಎಲ್ಲರಿಗೂ ಎನ್ನುವ ಮಾತಿಲ್ಲ. ಸ್ಥಿರವಾದ ಹೃದಯ ಕಾಯಿಲೆಯಿರುವ ಕೆಲವರಿಗೆ ವೈದ್ಯರು ಆಲೋಚಿಸಿ ಕೊಡಬಹುದು. ಕಿಡ್ನಿ ಕೆಟ್ಟಿರುವವರಿಗೆ ಇದು ವಿಷವಾಗಬಲ್ಲದು. ಕೆಮ್ಮು ಗಂಟಲಿಗೆಂದು ಬರೆಯುವ ಕ್ಲಾರಿಥ್ರೊಮೈಸಿನ್ ಜೊತೆ ತೆಗೆದುಕೊಂಡರೆ ರಕ್ತದಲ್ಲಿ ಮಟ್ಟ ವಿಪರೀತ ಏರಿ ವಾಂತಿ, ಭೇದಿ, ಸ್ನಾಯುಗಳ ಬಲಹೀನತೆ ಬರುತ್ತದೆ, ಪ್ರಾಣಾಪಾಯವೂ ಇದೆ. ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಳ್ಳಬೇಡಿ. ಇದೇ ಉರಿಯೂತದ ದಾರಿಯಲ್ಲಿ, ಕಿಡ್ನಿ ಕಾಯಿಲೆಯೂ ಇರುವ ಹೃದಯ ರೋಗಿಗಳಿಗೆಂದು ತಿಂಗಳಿಗೊಮ್ಮೆ ಚುಚ್ಚುವ ಜಿಲ್ಟಿವೆಕಿಮ್ಯಾಬ್ ಎಂಬ ಔಷಧದ ಮೇಲೆ ಜ್ಯೂಸ್ (ZEUS) ಎಂಬ ದೊಡ್ಡ ಟ್ರಯಲ್ ಕೈಗೆತ್ತಿಕೊಂಡಿದ್ದಾರೆ. ಕಾಲ್ಚಿಸಿನ್ ಕೊಡಲಾಗದ ಕಿಡ್ನಿ ರೋಗಿಗಳಿಗೆ ದಾರಿಯಿದೆಯೇ ಎಂಬುದಕ್ಕೆ ಅದರ ಫಲಿತಾಂಶವನ್ನು ನೋಡಬೇಕು.